‘ಟಿಲ್ ಟ್ವೆಂಟಿಯೆತ್’ ಅಂದ್ರೆ ಇಪ್ಪತ್ತರೊಳಗೆ ಅಂತ ಅಲ್ವಾ? ಇಂಗ್ಲಿಷ್‌ನಲ್ಲಿ ಟೈಮ್ ಬರೆಯೋದು ಗೊತ್ತಿರೋರು ಹೇಳಿ

ಶೈಲಾ_ಹಾಸನ
ಎಲ್ಲರಿಗೂ ನಮಸ್ಕಾರ. ನಾನು ಹಾಸನದಲ್ಲಿ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸೋ ಕಾರ್ಖಾನೆ) ಆಫೀಸಲ್ಲಿ ಎಕ್ಸ್‌ಪೋರ್ಟ್ ಕಾಗದಪತ್ರ ನೋಡ್ಕೊಳ್ತೀನಿ. ಓದಿದ್ದೆಲ್ಲ ಕನ್ನಡ ಮೀಡಿಯಂ. ಇಂಗ್ಲಿಷ್ ಓದಿದ್ರೆ ಅರ್ಥ ಆಗುತ್ತೆ, ಬರೀತೀನಿ ಕೂಡ, ಆದ್ರೆ ಟೈಮ್ ವಿಷಯ ಬಂದ್ರೆ ಕೈ ನಡುಗುತ್ತೆ.

ಹೋದ ತಿಂಗಳು ಏನಾಯ್ತು ಅಂದ್ರೆ, ಹೊರದೇಶದ ಬೈಯರ್ ಒಬ್ಬರಿಗೆ ‘ವಿ ವಿಲ್ ಲೋಡ್ ದಿ ಕಂಟೇನರ್ ಟಿಲ್ ಟ್ವೆಂಟಿಯೆತ್’ ಅಂತ ಮೇಲ್ ಹಾಕಿದೆ. ನನ್ನ ತಲೇಲಿ ಇದ್ದಿದ್ದು 20ನೇ ತಾರೀಖಿನೊಳಗೆ ಲೋಡ್ ಮುಗಿಸ್ತೀವಿ ಅಂತ. 17ಕ್ಕೇ ಕೆಲಸ ಮುಗೀತು, 300 ಚೀಲ ಎಣಿಸಿ ಹಾಕಿ, ಬಾಗಿಲು ಮುಚ್ಚಿ ಸೀಲ್ ಹೊಡೆದು ಸೀಲ್ ನಂಬರ್ ಫೋಟೋ ತೆಗೆದು, ಲಾರಿ ಶಿರಾಡಿ ಘಾಟ್ ಇಳಿದು ಮಂಗಳೂರಿಗೂ ಹೋಯ್ತು. 18ಕ್ಕೆ ಅವರ ಮೇಲ್ ಬಂತು, ಇನ್ನೂ 20 ಚೀಲ ಸೇರಿಸಿ, ಹೇಗೂ 20ರ ತನಕ ಲೋಡಿಂಗ್ ನಡೀತಾ ಇರುತ್ತಲ್ಲ ಅಂತ. ಆ 20 ಚೀಲದ ಆರ್ಡರ್ ಕೈ ತಪ್ಪಿತು. ಸಾಹೇಬ್ರು ಬೈಲಿಲ್ಲ, ಆದ್ರೆ ಅವತ್ತಿಂದ ನನ್ನ ಪ್ರತಿ ಮೇಲನ್ನೂ ಓದಿ ಆಮೇಲೆ ಕಳಿಸ್ತಾರೆ, ಅದು ಬೈಗುಳಕ್ಕಿಂತ ಜಾಸ್ತಿ ನೋವಾಗ್ತಿದೆ.

ಬೈ, ಟಿಲ್, ವಿದಿನ್, ಸಿನ್ಸ್, ಫಾರ್, ನೆಕ್ಸ್ಟ್, ಇವನ್ನ ವಾಕ್ಯದಲ್ಲಿ ಹೇಗೆ ಹಾಕೋದು? ವ್ಯಾಕರಣದ ಹೆಸರು ಬೇಡ, ಉದಾಹರಣೆ ಕೊಡಿ ಸಾಕು.

ಅರಸೀಕೆರೆ_ಹುಡುಗ
ಮೇಡಂ ಟಿಲ್ ಅಂದ್ರೆ ತನಕ, ಬೈ ಅಂದ್ರೆ ಒಳಗೆ. ಅಷ್ಟೇ ಕಣ್ರೀ.

ಬೇಲೂರು_ಮೇಷ್ಟ್ರು
ಅರಸೀಕೆರೆಯವರು ಒಂದೇ ಸಾಲಲ್ಲಿ ಸರಿಯಾಗಿ ಹೇಳಿದ್ದಾರೆ, ನಾನು ಸ್ವಲ್ಪ ಬಿಡಿಸಿ ಹೇಳ್ತೀನಿ, 31 ವರ್ಷ ಹೈಸ್ಕೂಲಲ್ಲಿ ಇಂಗ್ಲಿಷ್ ಹೇಳಿಕೊಟ್ಟು ರಿಟೈರ್ ಆದವನು. ನೋಡಮ್ಮ ಶೈಲಾ, ಈ ವ್ಯತ್ಯಾಸ ನಿನಗೆ ಈಗಾಗ್ಲೇ ಗೊತ್ತಿದೆ, ಕನ್ನಡದಲ್ಲಿ ದಿನಾ ಬಳಸ್ತಾ ಇದೀಯ. ‘ಅಂಗಡಿ ಒಂಬತ್ತರ ತನಕ ತೆಗೆದಿರುತ್ತೆ’ ಅಂತೀಯ, ‘ಒಂಬತ್ತರೊಳಗೆ ಬನ್ನಿ’ ಅಂತೀಯ. ಯಾವತ್ತಾದ್ರೂ ‘ಅಂಗಡಿ ಒಂಬತ್ತರೊಳಗೆ ತೆಗೆದಿರುತ್ತೆ’ ಅಂದಿದೀಯಾ? ಇಲ್ಲ. ಕೆಲಸ ಎಳೆದುಕೊಂಡು ನಡೀತಾ ಇದ್ರೆ ತನಕ, ಅಲ್ಲಿ ಟಿಲ್. ಕೆಲಸ ಒಂದು ಗಡುವಿಗೆ ಮುಂಚೆ ಆಗಿಹೋದ್ರೆ ಒಳಗೆ, ಅಲ್ಲಿ ಬೈ. ನೀನು ಬರೀಬೇಕಿದ್ದಿದ್ದು ‘ವಿ ವಿಲ್ ಫಿನಿಶ್ ಲೋಡಿಂಗ್ ಬೈ ದಿ ಟ್ವೆಂಟಿಯೆತ್’.

ಇನ್ನು ವಿದಿನ್. ಕನ್ನಡದಲ್ಲಿ ‘ಇಪ್ಪತ್ತರೊಳಗೆ’ ಅಂತೀವಿ, ‘ಮೂರು ದಿನದೊಳಗೆ’ ಅಂತಲೂ ಅಂತೀವಿ, ಎರಡಕ್ಕೂ ಒಳಗೆ. ಇಂಗ್ಲಿಷ್‌ನವರು ಇಲ್ಲಿ ಒಂದು ಗೆರೆ ಎಳೆದಿದ್ದಾರೆ. ತಾರೀಖು, ಗಂಟೆ, ವಾರದ ಹೆಸರು ಬಂದ್ರೆ ಬೈ. ಇಷ್ಟು ದಿನ, ಇಷ್ಟು ಗಂಟೆ ಅಂತ ಅಳತೆ ಬಂದ್ರೆ ವಿದಿನ್. ‘ಬೈ ಫ್ರೈಡೇ’, ‘ವಿದಿನ್ ತ್ರೀ ಡೇಸ್’.

ಗಿರಿತಪ್ಪಲು
ಶೈಲಾ ಅವರೇ ತಪ್ಪು ನಿಮ್ಮೊಬ್ಬರದೇ ಅಲ್ಲ ಮಾರಾಯ್ರೆ. ಆಫೀಸಿನ ಇಂಗ್ಲಿಷ್ ನಮಗೆ ಅರ್ಧ ಹಿಂದಿ ಕಡೆಯಿಂದ ಬಂದಿದೆ. ಹಿಂದಿಯವರು ‘ಬೀಸ್ ತಾರೀಖ್ ತಕ್’ ಅಂದ್ರೆ ಇಪ್ಪತ್ತರ ತನಕವೂ ಹೌದು, ಇಪ್ಪತ್ತರೊಳಗೂ ಹೌದು. ಅದನ್ನ ಅವರು ಟಿಲ್ ಅಂತ ಬರೀತಾರೆ, ನಾವು ಅವರ ಮೇಲ್ ನೋಡಿ ಕಲೀತೀವಿ. ನಮ್ಮ ಟೀಮಲ್ಲಿ ದಿನಾ ಬರುತ್ತೆ, ‘ಐ ವಿಲ್ ಸೆಂಡ್ ಟಿಲ್ ಈವ್‌ನಿಂಗ್’ ಅಂತ.

ಬೇಲೂರು_ಮೇಷ್ಟ್ರು
ಒಪ್ಪಿದೆ. ನಮ್ಮಲ್ಲೂ ‘ಅರ್ಜಿ ಹಾಕೋಕೆ 20ರವರೆಗೆ ಅವಕಾಶ ಇದೆ’ ಅಂತೀವಲ್ಲ, ಗಡುವು ಅಂದ ಕೂಡ್ಲೆ ವರೆಗೆ ನೆನಪಾಗುತ್ತೆ. ಆದ್ರೆ ಅಲ್ಲಿ ನಡೀತಾ ಇರೋದು ಅವಕಾಶ, ಅರ್ಜಿ ಹಾಕೋದಲ್ಲ.

ಕಡೂರಿನವಳು
ಸಿನ್ಸ್ ಬಗ್ಗೆ ನಾನು ಹೇಳ್ತೀನಿ. ಇಂಟರ್‌ವ್ಯೂನಲ್ಲಿ ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್’ ಅಂದೆ, ಎದುರಿಗಿದ್ದವರ ಮುಖ ಸಣ್ಣಗೆ ಬದಲಾಗಿದ್ದು ಈಗ್ಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮನೆಗೆ ಬಂದು ಹುಡುಕಿ ನೋಡಿದ್ಮೇಲೆ ಗೊತ್ತಾಯ್ತು. ನಮಗೆ ‘2019ರಿಂದ’ನೂ ಇಂದ, ‘ಐದು ವರ್ಷದಿಂದ’ನೂ ಇಂದ. ಅವರಿಗೆ ಶುರುವಾದ ಗಳಿಗೆಗೆ ಸಿನ್ಸ್, ಕಳೆದ ಉದ್ದಕ್ಕೆ ಫಾರ್. ಸಿನ್ಸ್ 2019, ಫಾರ್ ಫೈವ್ ಇಯರ್ಸ್.

ಅದಕ್ಕಿಂತ ದೊಡ್ಡ ತಪ್ಪು ‘ಐ ಆಮ್ ವರ್ಕಿಂಗ್’ ಅನ್ನೋದು. ನಾವು ‘ಐದು ವರ್ಷದಿಂದ ಕೆಲಸ ಮಾಡ್ತಿದ್ದೀನಿ’ ಅಂತ ಈಗಿನ ಕಾಲದಲ್ಲೇ ಹೇಳ್ತೀವಿ, ಸರಿಯಾಗೇ ಇದೆ ಕೂಡ, ಈಗ್ಲೂ ಮಾಡ್ತಾ ಇದೀವಲ್ಲ. ಅವರು ಹಿಂದೆ ಶುರುವಾಗಿ ಇಲ್ಲೀವರೆಗೆ ಬಂದಿರೋದಕ್ಕೇ ಬೇರೆ ರೂಪ ಇಟ್ಟಿದ್ದಾರೆ, ‘ಐ ಹ್ಯಾವ್ ಬೀನ್ ವರ್ಕಿಂಗ್’.

ಅರಸೀಕೆರೆ_ಹುಡುಗ
ಹಂಗಾದ್ರೆ ‘ಫ್ರಮ್ ಲಾಸ್ಟ್ ಟೂ ಇಯರ್ಸ್’ ಕೂಡ ತಪ್ಪಾ? ನಮ್ಮ ಕಡೆ ಎಲ್ರೂ ಅದನ್ನೇ ಅಂತಾರೆ

ಕಡೂರಿನವಳು
‘ಫಾರ್ ದಿ ಲಾಸ್ಟ್ ಟೂ ಇಯರ್ಸ್’ ಅನ್ಬೇಕು.

ಗಿರಿತಪ್ಪಲು
ನಂದು ಇದಕ್ಕಿಂತ ದೊಡ್ಡ ಕಥೆ. ಚಿಕ್ಕಮಗಳೂರಲ್ಲಿ ಮನೆಯಿಂದ್ಲೇ ಕೆಲಸ, ಕ್ಲೈಂಟ್ ಇಂಗ್ಲೆಂಡಿನವರು. ಗುರುವಾರದ ಡೆಮೊ ಬಗ್ಗೆ ಮೇಲ್ ಬಂತು, ‘ದಿ ಮೀಟಿಂಗ್ ಹ್ಯಾಸ್ ಬೀನ್ ಬ್ರಾಟ್ ಫಾರ್ವರ್ಡ್ ಬೈ ಟೂ ಡೇಸ್’. ಫಾರ್ವರ್ಡ್ ಅಂದ್ರೆ ಮುಂದಕ್ಕೆ, ಮುಂದಕ್ಕೆ ಹೋಯ್ತು ಅಂದ್ರೆ ಗುರುವಾರದ್ದು ಶನಿವಾರ, ಅಂತ ಲೆಕ್ಕ ಹಾಕಿ ಆರಾಮಾಗಿ ಮಂಗಳವಾರ ತೋಟಕ್ಕೆ ಹೋಗಿಬಿಟ್ಟೆ, ಅಲ್ಲಿ ಸಿಗ್ನಲ್ ಬರೋದು ಒಂದು ಬಂಡೆ ಹತ್ರ ಮಾತ್ರ. ಮಧ್ಯಾಹ್ನ ಆ ಬಂಡೆ ಹತ್ರ ಬಂದಾಗ ಫೋನಿಗೆ 14 ಮಿಸ್ಡ್ ಕಾಲ್ ಒಟ್ಟಿಗೆ ಬಿದ್ವು. ಮೀಟಿಂಗ್ ಇದ್ದಿದ್ದು ಅವತ್ತೇ!

ಆಮೇಲೆ ಯೋಚನೆ ಮಾಡಿದೆ. ಕನ್ನಡದಲ್ಲಿ ‘ಮದುವೆ ಮುಂದಕ್ಕೆ ಹೋಯ್ತು’ ಅಂದ್ರೆ ತಡ ಆಯ್ತು ಅಂತ, ಮುಂದೂಡೋದು ಅಂದ್ರೇನೇ ಪೋಸ್ಟ್‌ಪೋನ್. ಇಂಗ್ಲಿಷ್‌ನಲ್ಲಿ ಬ್ರಿಂಗ್ ಫಾರ್ವರ್ಡ್ ಅಂದ್ರೆ ಬೇಗ ಮಾಡೋದು, ಪುಷ್ ಬ್ಯಾಕ್ ಅಂದ್ರೆ ತಡ ಮಾಡೋದು. ಪೂರ್ತಿ ಉಲ್ಟಾ! ಇದನ್ನ ಯಾವ ಸ್ಪೋಕನ್ ಇಂಗ್ಲಿಷ್ ಕ್ಲಾಸಲ್ಲೂ ನನಗೆ ಹೇಳಿಕೊಟ್ಟಿರಲಿಲ್ಲ.

ಅರಸೀಕೆರೆ_ಹುಡುಗ
ಅದಕ್ಕೇ ಪ್ರೀಪೋನ್ ಅನ್ನೋದು ಒಳ್ಳೇದು. ಯಾರಿಗೂ ಗೊಂದಲ ಇಲ್ಲ.

ಕಡೂರಿನವಳು
ಪ್ರೀಪೋನ್ ಇಂಗ್ಲಿಷ್ ಪದನೇ ಅಲ್ಲ, ನಾವು ಮಾಡ್ಕೊಂಡಿರೋದು.

ಅರಸೀಕೆರೆ_ಹುಡುಗ
ಆಕ್ಸ್‌ಫರ್ಡ್ ಡಿಕ್ಷನರಿಯಲ್ಲೇ ಇದೆ ಕಣ್ರೀ, ನೋಡಿ. ನಾವು ಇಷ್ಟು ಕೋಟಿ ಜನ ಮಾತಾಡ್ತೀವಿ, ನಮ್ಮ ಪದ ಪದ ಅಲ್ವಾ? ‘ಟುಡೇ ಮಾರ್ನಿಂಗ್’ ಅಂದ್ರೂ ತಪ್ಪು ಅಂತಾರೆ, ‘ಎಸ್ಟರ್‌ಡೇ ನೈಟ್’ ಅಂದ್ರೂ ತಪ್ಪು ಅಂತಾರೆ. ಅರ್ಥ ಆಗಲ್ವಾ? ಆಗುತ್ತೆ. ಮತ್ತೆ ಯಾಕೆ ನಾಚ್ಕೋಬೇಕು?

ಬೇಲೂರು_ಮೇಷ್ಟ್ರು
ಡಿಕ್ಷನರಿಯಲ್ಲಿದೆ ನಿಜ, ಭಾರತೀಯ ಬಳಕೆ ಅಂತ ಗುರುತು ಹಾಕಿ ಕೊಟ್ಟಿದ್ದಾರೆ. ನಾಚಿಕೆ ಪ್ರಶ್ನೆ ಅಲ್ಲಪ್ಪ. ‘ಟುಡೇ ಮಾರ್ನಿಂಗ್’ ಅಂದ್ರೆ ಕೇಳೋರಿಗೆ ಅರ್ಥ ಆಗುತ್ತೆ, ಅವರು ‘ದಿಸ್ ಮಾರ್ನಿಂಗ್’, ‘ಲಾಸ್ಟ್ ನೈಟ್’ ಅಂತಾರೆ ಅನ್ನೋದು ಗೊತ್ತಿದ್ರೆ ಸಾಕು, ನೀನು ಹೇಳಿದ್ರಿಂದ ಯಾರಿಗೂ ನಷ್ಟ ಇಲ್ಲ. ‘ಟುಮಾರೋ ಮಾರ್ನಿಂಗ್’ ಅಂತೂ ಸರಿಯಾದದ್ದೇ. ಆದ್ರೆ ಶೈಲಾ ಬರೆದ ಟಿಲ್ ಆ ಜಾತಿದಲ್ಲ. ಅದು ಅರ್ಥ ಆಯ್ತು, ಆದ್ರೆ ಬೇರೆಯೇ ಅರ್ಥ ಆಯ್ತು. ಕಿವಿಗೆ ವಿಚಿತ್ರ ಅನ್ನಿಸೋ ತಪ್ಪನ್ನ ನಾನು ಕ್ಲಾಸಲ್ಲಿ ಅರ್ಧ ಬಿಟ್ಟುಬಿಡ್ತಿದ್ದೆ. ಓದೋಕೆ ಸರಿ ಇದ್ದು ಅರ್ಥ ತಿರುಗಿಸೋ ತಪ್ಪನ್ನ ಮಾತ್ರ ಬಿಡ್ತಿರಲಿಲ್ಲ.

ಅರಸೀಕೆರೆ_ಹುಡುಗ
ಇದು ಒಪ್ಕೋತೀನಿ ಸರ್.

ಮೂಡಿಗೆರೆ_ತೋಟ
ನಮ್ಮ ಮನೇಲಿ ನಡೆದದ್ದು ಹೇಳ್ತೇನೆ. ಹೋಂಸ್ಟೇ ಇದೆ, ಫಾರಿನ್‌ನವರೂ ಬರ್ತಾರೆ. ಒಬ್ಬರಿಗೆ ಕಾಫಿ ಹೂವು ನೋಡೋ ಆಸೆ. ಹೂಮಳೆ, ಅಂದ್ರೆ ಕಾಫಿ ಹೂ ಅರಳಿಸೋ ಮಳೆ, ಬಿದ್ದ ದಿನ ಫೋನ್ ಮಾಡಿ ‘ಕಮ್ ಆಫ್ಟರ್ ಏಟ್ ಡೇಸ್’ ಅಂದೆ. ನಮಗೆ ಎಂಟು ದಿನ ಅಂದ್ರೆ ಒಂದು ವಾರ ತಾನೆ, ಸೋಮವಾರದಿಂದ ಸೋಮವಾರಕ್ಕೆ ಎಂಟು ದಿನ. ಎರಡು ವಾರಕ್ಕೆ ಹದಿನೈದು ದಿನ ಅಂತೇವೆ. ಅವರು ಎಂಟು ಪೂರ್ತಿ ಎಣಿಸಿ, ಆಫ್ಟರ್ ಅಂದ್ರಲ್ಲ ಅಂತ ಇನ್ನೊಂದೆರಡು ದಿನ ಸೇರಿಸ್ಕೊಂಡು ಬಂದ್ರು. ನಮ್ಮ ಅರೇಬಿಕಾ ತೋಟ ಬೆಳ್ಳಗೆ ಮೊಸರು ಚೆಲ್ಲಿದ ಹಾಗೆ ಅರಳಿ, ಆ ವಾಸನೆ ಮನೆ ಒಳಗೆಲ್ಲ ತುಂಬಿ, ಅವರು ಬರೋಹೊತ್ತಿಗೆ ಹೂ ಕಂದು ತಿರುಗಿ ಗಿಡಕ್ಕೆ ಒಣಗಿ ಅಂಟಿಕೊಂಡಿತ್ತು. ಹೂವು ನಿಲ್ಲೋದೇ ಎರಡು ಮೂರು ದಿನ. ಆಯಮ್ಮ ಏನೂ ಅನ್ನಲಿಲ್ಲ, ಒಣಗಿದ ಒಂದು ಹೂ ಕೈಯಲ್ಲಿ ಹಿಡಿದು ಮೂಸಿ ನೋಡಿದ್ರು. ನನಗೆ ಬಹಳ ಸಂಕಟ ಆಯ್ತು.

ಎಂಥ ಹೇಳ್ಬೇಕಿತ್ತು ನಾನು?

ಬೇಲೂರು_ಮೇಷ್ಟ್ರು
‘ಇನ್ ಎ ವೀಕ್’. ‘ಆಫ್ಟರ್’ ಅಂದ್ರೆ ಆಮೇಲೆ ಯಾವತ್ತಾದ್ರೂ ಅಂತ ಆಗಿಹೋಗುತ್ತೆ. ‘ಇನ್’ ಅಂದ್ರೆ ಇವತ್ತಿಂದ ಎಣಿಸಿ ಅಷ್ಟು ದಿನ ಆದಾಗ. ‘ಐ ವಿಲ್ ಕಮ್ ಇನ್ ಟೂ ಡೇಸ್’ ಅಂದ್ರೆ ನಾಡಿದ್ದು ಬರ್ತೀನಿ. ‘ವಿದಿನ್ ಟೂ ಡೇಸ್’ ಅಂದ್ರೆ ಇವತ್ತು ರಾತ್ರಿನೂ ಬರಬಹುದು, ನಾಡಿದ್ದೂ ಬರಬಹುದು.

ನೀವು ಹೇಳಿದ ಎಂಟು ದಿನ, ಹದಿನೈದು ದಿನದ ವಿಷಯ ಚೆನ್ನಾಗಿದೆ. ನಾವು ಶುರುವಿನ ದಿನ, ಕೊನೆಯ ದಿನ ಎರಡನ್ನೂ ಎಣಿಸ್ತೀವಿ. ಇಂಗ್ಲಿಷ್‌ನವರ ಫೋರ್ಟ್‌ನೈಟ್ ಅಂದ್ರೆ ಹದಿನಾಲ್ಕು ರಾತ್ರಿ. ಫ್ರೆಂಚರು ಮಾತ್ರ ನಮ್ಮ ಹಾಗೇ ವಾರಕ್ಕೆ ಎಂಟು ದಿನ, ಎರಡು ವಾರಕ್ಕೆ ಹದಿನೈದು ದಿನ ಅಂತಾರೆ.

ಗಿರಿತಪ್ಪಲು
ಅಮೆರಿಕದವರ ಹತ್ರ ಫೋರ್ಟ್‌ನೈಟ್ ಅನ್ಬೇಡಿ, ಅಲ್ಲಿ ಬಳಕೆ ಕಮ್ಮಿ, ‘ಟೂ ವೀಕ್ಸ್’ ಅನ್ನಿ. ಮತ್ತೆ ಬೈವೀಕ್ಲಿ ಅಂತ ಯಾರಾದ್ರೂ ಬರೆದ್ರೆ ತಿರುಗಿ ಕೇಳಿ. ವಾರಕ್ಕೆ ಎರಡು ಸಲ ಅಂತಲೂ ಆಗುತ್ತೆ, ಎರಡು ವಾರಕ್ಕೊಂದ್ಸಲ ಅಂತಲೂ ಆಗುತ್ತೆ.

ಔಷಧಿ_ಅಂಗಡಿ
ನಮ್ಮ ಅಂಗಡೀಲಿ ದಿನಾ ನೋಡೋದು ಇದೇ. ದಿನ ಬಿಟ್ಟು ದಿನ ತಗೊಳ್ಳೋ ಮಾತ್ರೆಗೆ ನಾವು ‘ಆಲ್ಟರ್ನೇಟ್ ಡೇಸ್’ ಅಂತೀವಿ. ಒಬ್ಬ ಅಜ್ಜಿಯ ಮೊಮ್ಮಗಳು ಅಮೆರಿಕದಿಂದ ಬಂದಿದ್ದಾಗ ಚೀಟೀಲಿ ‘ಎವ್ರಿ ಅದರ್ ಡೇ’ ಅಂತ ಬರೆದಿಟ್ಟು ಹೋಗಿದಾಳೆ. ಮನೇಲಿದ್ದ ಸೊಸೆ, ಇವತ್ತು ಬಿಟ್ಟು ಬೇರೆ ಎಲ್ಲ ದಿನ ಅಂತ ಓದಿಕೊಂಡಿದಾರೆ. ಪುಣ್ಯಕ್ಕೆ ಮೂರನೇ ದಿನಕ್ಕೇ ಸ್ಟ್ರಿಪ್ ಇಷ್ಟು ಬೇಗ ಹೆಂಗೆ ಖಾಲಿ ಆಗ್ತಿದೆ ಅಂತ ನನ್ನ ಹತ್ರ ಕೇಳ್ಕೊಂಡು ಬಂದ್ರು. ‘ಎವ್ರಿ ಅದರ್ ಡೇ’ ಅಂದ್ರೆ ದಿನ ಬಿಟ್ಟು ದಿನ, ದಯವಿಟ್ಟು ಎಲ್ರೂ ನೆನಪಿಟ್ಕೊಳ್ಳಿ. ನಾನೀಗ ಕವರ್ ಮೇಲೆ ಕನ್ನಡದಲ್ಲೇ ಬರೆದು, ಸೋಮ ಬುಧ ಶುಕ್ರ ಅಂತ ವಾರನೂ ಹಾಕಿ ಕೊಡ್ತೀನಿ.

ಸಕಲೇಶಪುರ_ರೈಲು
ರೈಲು ಟಿಕೆಟ್‌ನಲ್ಲಿ 00.20 ಅಂತ ಇದ್ರೆ ಎಷ್ಟು ಜನ ಮೋಸ ಹೋಗಿದೀರಿ ಹೇಳಿ. ನಮ್ಮ ದೊಡ್ಡಪ್ಪ ಹಾಸನದಿಂದ ಮಂಗಳೂರಿಗೆ ಹೋಗೋಕೆ ಶನಿವಾರದ ತಾರೀಖಿಗೆ ಟಿಕೆಟ್ ತೆಗೆಸಿದ್ರು, ರೈಲು 12 ಗಂಟೆ ದಾಟಿ ಬರೋದು. ಶನಿವಾರ ರಾತ್ರಿ ಊಟ ಮಾಡಿ, ಹಾಸಿಗೆ ಸುರುಳಿ ಕಟ್ಕೊಂಡು ಸ್ಟೇಷನ್‌ಗೆ ಹೋಗಿ ಕೂತಿದಾರೆ. ಅವರ ರೈಲು ಹಿಂದಿನ ರಾತ್ರೀನೇ ಹೋಗಿ ಆಗಿತ್ತು.

ಅವರು ಓದು ಬರಹ ಗೊತ್ತಿಲ್ಲದವರಲ್ಲ, ಪಂಚಾಂಗ ಚೆನ್ನಾಗಿ ನೋಡ್ತಾರೆ. ಪಂಚಾಂಗದಲ್ಲಿ ದಿನ ಶುರುವಾಗೋದು ಸೂರ್ಯ ಹುಟ್ಟಿದ ಮೇಲೆ. ಶುಕ್ರವಾರ ರಾತ್ರಿ ಹನ್ನೆರಡು ಹೊಡೆದ್ರೂ ಅವರಿಗೆ ಬೆಳಗಾಗೋ ತನಕ ಶುಕ್ರವಾರವೇ. ರೈಲ್ವೆಯವರಿಗೆ 00.00ಕ್ಕೆ ಶನಿವಾರ ಶುರುವಾಗುತ್ತೆ. ಎರಡೂ ಸರಿ, ಮಧ್ಯದಲ್ಲಿ ದೊಡ್ಡಪ್ಪನ ಪ್ರಯಾಣ ಹೋಯ್ತು.

ಕಡೂರಿನವಳು
ಅಯ್ಯೋ ಪಾಪ. ಇಂಗ್ಲಿಷ್‌ನಲ್ಲೂ ‘ಮಿಡ್‌ನೈಟ್ ಆನ್ ಫ್ರೈಡೇ’ ಅಂದ್ರೆ ಗೊಂದಲನೇ. ನಮಗೆ ಸ್ವಾತಂತ್ರ್ಯ ಬಂದಿದ್ದು 1947ರಲ್ಲಿ, ಕೆಲವರು ಆಗಸ್ಟ್ 14ರ ಮಧ್ಯರಾತ್ರಿ ಅಂತಾರೆ, ಕೆಲವರು 15ರ ಮಧ್ಯರಾತ್ರಿ ಅಂತಾರೆ. ಎರಡೂ ಒಂದೇ ರಾತ್ರಿ.

ಔಷಧಿ_ಅಂಗಡಿ
12 ಎಎಂ ಅಂದ್ರೆ ಮಧ್ಯರಾತ್ರಿ, 12 ಪಿಎಂ ಅಂದ್ರೆ ಮಧ್ಯಾಹ್ನ. ಇದನ್ನೂ ಉಲ್ಟಾ ತಿಳ್ಕೊಂಡವರು ಬಹಳ ಜನ. ನೂನ್ ಅಂತ ಬರೆದ್ರೆ ತೊಂದ್ರೆನೇ ಇಲ್ಲ.

ಅರಸೀಕೆರೆ_ಹುಡುಗ
ನನಗೆ ಕ್ವಾರ್ಟರ್ ಟು, ಕ್ವಾರ್ಟರ್ ಪಾಸ್ಟ್ ಇವತ್ತಿಗೂ ತಲೆಗೆ ಹತ್ತಲ್ಲ

ಸಕಲೇಶಪುರ_ರೈಲು
ಯಾಕಂದ್ರೆ ನಾವು ಮುಕ್ಕಾಲು ಅಂತೀವಿ. 4.45 ನಮಗೆ ನಾಲ್ಕೂಮುಕ್ಕಾಲು, ಅಂದ್ರೆ ನಾಲ್ಕು ಆದ್ಮೇಲೆ ಮುಕ್ಕಾಲು ಗಂಟೆ ಕಳೀತು. ಅವರಿಗೆ ‘ಕ್ವಾರ್ಟರ್ ಟು ಫೈವ್’, ಐದಕ್ಕೆ ಇನ್ನು ಕಾಲು ಗಂಟೆ ಬಾಕಿ. ಅರ್ಧ ಗಂಟೆ ದಾಟಿದ ಕೂಡ್ಲೆ ಅವರು ಮುಂದಿನ ಗಂಟೆಯ ಹೆಸರು ಹಿಡೀತಾರೆ. ನಮ್ಮಲ್ಲೂ ‘ಐದಕ್ಕೆ ಹತ್ತು ನಿಮಿಷ ಇದೆ’ ಅಂತೀವಲ್ಲ, ಅದೇ ‘ಟೆನ್ ಟು ಫೈವ್’. ಆ ವಾಕ್ಯ ನೆನಪಿಟ್ಕೊಳ್ಳಿ, ಟು ಅಂದ್ರೆ ಕನ್ನಡದ ‘ಗೆ’, ಐದಕ್ಕೆ.

ಗಿರಿತಪ್ಪಲು
ಇಂಗ್ಲೆಂಡಿನವರು ಮಾತಾಡುವಾಗ ‘ಹಾಫ್ ಫೈವ್’ ಅಂತಾರೆ, ಅದು ಐದೂವರೆ. ಜರ್ಮನ್‌ನಲ್ಲಿ ಅದೇ ಥರ ಹೇಳಿದ್ರೆ ನಾಲ್ಕೂವರೆ. ಜರ್ಮನಿಯವರು ಇಂಗ್ಲಿಷ್‌ನಲ್ಲಿ ‘ಹಾಫ್ ಫೈವ್’ ಅಂದ್ರೆ ಒಂದ್ಸಲ ಕೇಳಿಬಿಡಿ.

ಚನ್ನರಾಯಪಟ್ಟಣ_ಚಂದ್ರು
ಇನ್ನೊಂದು. ಹಾಸನಾಂಬೆ ಬಗ್ಗೆ ಇಂಗ್ಲಿಷ್‌ನಲ್ಲಿ ಹಾಕಿದ ಪೋಸ್ಟ್‌ಗಳಲ್ಲಿ ‘ಟೆಂಪಲ್ ಓಪನ್ಸ್ ಒನ್ಸ್ ಇನ್ ಎ ಇಯರ್’ ಅಂತ ಇರುತ್ತೆ. ‘ಒನ್ಸ್ ಎ ಇಯರ್’ ಅಂದ್ರೆ ಸಾಕು, ಇನ್ ಬೇಡ. ಆದ್ರೆ ನಮ್ಮ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ‘ಒನ್ಸ್ ಇನ್ ಟ್ವೆಲ್ವ್ ಇಯರ್ಸ್’ ಅನ್ನಬಹುದು, ‘ಒನ್ಸ್ ಎವ್ರಿ ಟ್ವೆಲ್ವ್ ಇಯರ್ಸ್’ ಅಂತಲೂ ಅನ್ನಬಹುದು. 2006ರಲ್ಲಿ ಆಯ್ತು, 2018ರಲ್ಲಿ ಆಯ್ತು. 2018ರಲ್ಲಿ ನಾನು ಮಗಳನ್ನ ಹೆಗಲ ಮೇಲೆ ಕೂರಿಸ್ಕೊಂಡು ನೋಡಿದ್ದು, ಅರಿಶಿನದ ನೀರು ಬಾಹುಬಲಿ ಭುಜದ ಮೇಲಿಂದ ಇಳಿಯೋವಾಗ ಅವಳು ನನ್ನ ಕೂದಲು ಗಟ್ಟಿಯಾಗಿ ಹಿಡ್ಕೊಂಡಿದ್ಲು.

ಮೂಡಿಗೆರೆ_ತೋಟ
ಹಾಸನಾಂಬೆ ಬಾಗಿಲು ತೆಗೆಯೋದು ಯಾವಾಗ ಅಂತ ಗೆಸ್ಟ್‌ಗಳು ಕೇಳ್ತಾರೆ, ಇಂಗ್ಲಿಷ್‌ನಲ್ಲಿ ಹೇಗೆ ಹೇಳೋದು?

ಚನ್ನರಾಯಪಟ್ಟಣ_ಚಂದ್ರು
ಆಶ್ವಯುಜ ಹುಣ್ಣಿಮೆ ಕಳೆದ ಮೇಲೆ ಬರೋ ಮೊದಲ ಗುರುವಾರ. ‘ಆನ್ ದಿ ಫಸ್ಟ್ ಥರ್ಸ್‌ಡೇ ಆಫ್ಟರ್ ದಿ ಫುಲ್ ಮೂನ್’ ಅನ್ನಿ. ದಿನದ ಹೆಸರಿಗೆ ಆನ್. ತಿಂಗಳಿಗೆ, ವರ್ಷಕ್ಕೆ ಇನ್. ಗಂಟೆಗೆ ಅಟ್. ಕ್ಯೂ ಮಾತ್ರ ಬೇಗ ಹಿಡೀಬೇಕು ಅಂತ ಹೇಳಿ, ಬೆಳಗಿನ ಜಾವ ಹೋದ್ರೆ ವಾಸಿ.

ಅರಸೀಕೆರೆ_ಹುಡುಗ
ಸ್ಪೆಷಲ್ ದರ್ಶನದ ಟಿಕೆಟ್ ತಗೊಂಡ್ರೂ ಕಾಯ್ಬೇಕಾ?

ಚನ್ನರಾಯಪಟ್ಟಣ_ಚಂದ್ರು
ಕಾಯ್ಬೇಕು ಕಣಪ್ಪ. ಮಳೆ ಬಂದ್ರೆ ಕೊಡೆ ಇಟ್ಕೋ.

ಕಡೂರಿನವಳು
ವಿಷಯಕ್ಕೆ ಬನ್ನಿ ಸ್ವಲ್ಪ. ಶೈಲಾ ಅವರು ನೆಕ್ಸ್ಟ್ ಬಗ್ಗೆ ಕೇಳಿದ್ರು, ಯಾರೂ ಹೇಳಲಿಲ್ಲ. ಸೋಮವಾರ ಕೂತ್ಕೊಂಡು ‘ನೆಕ್ಸ್ಟ್ ಫ್ರೈಡೇ’ ಅಂದ್ರೆ ಇದೇ ವಾರದ್ದಾ, ಮುಂದಿನ ವಾರದ್ದಾ?

ಗಿರಿತಪ್ಪಲು
ಜಾಸ್ತಿ ಜನ ಮುಂದಿನ ವಾರದ್ದು ಅಂತ ತಗೋತಾರೆ, ಈ ವಾರದ್ದಕ್ಕೆ ‘ದಿಸ್ ಫ್ರೈಡೇ’.

ಸಕಲೇಶಪುರ_ರೈಲು
ಇಲ್ಲ ಸರ್, ನನ್ನ ಜೊತೆ ಕೆಲಸ ಮಾಡೋರು ಬರೋ ಶುಕ್ರವಾರಕ್ಕೇ ನೆಕ್ಸ್ಟ್ ಅಂತಾರೆ.

ಬೇಲೂರು_ಮೇಷ್ಟ್ರು
ಇಬ್ಬರೂ ಸರಿ. ಇಂಗ್ಲಿಷ್ ಮನೆಮಾತಿನವರೇ ಇದಕ್ಕೆ ಜಗಳ ಆಡ್ತಾರೆ. ನಾವೂ ‘ಬರೋ ಶುಕ್ರವಾರನಾ, ಅದರಾಚೆ ಶುಕ್ರವಾರನಾ’ ಅಂತ ಕೇಳಲ್ವಾ, ಹಾಗೆ. ತಾರೀಖು ಹಾಕಿಬಿಡಬೇಕು. ತಿಂಗಳನ್ನ ಅಕ್ಷರದಲ್ಲಿ ಬರೀಬೇಕು, ಅಂಕಿಯಲ್ಲಿ ಅಲ್ಲ. 5/6 ಅಂದ್ರೆ ನಮಗೆ ಜೂನ್ 5, ಅಮೆರಿಕದವರಿಗೆ ಮೇ 6.

ಗಿರಿತಪ್ಪಲು
ಗಂಟೆ ಹಾಕಿದ್ರೆ ಯಾವ ದೇಶದ ಗಂಟೆ ಅಂತಲೂ ಹಾಕಿ. ನಮ್ಮದು ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ, ಆ ಅರ್ಧ ಗಂಟೆ ಮರೆತು ಕಾಲ್‌ಗೆ ಅರ್ಧ ಗಂಟೆ ಆಚೀಚೆ ಬರೋರು ಇದಾರೆ. ಲಂಡನ್‌ನಲ್ಲಿ ಬೇಸಿಗೆಗೆ ಗಡಿಯಾರ ಒಂದು ಗಂಟೆ ಮುಂದೆ ತಿರುಗಿಸ್ತಾರೆ, ಆಗ ವ್ಯತ್ಯಾಸ ನಾಲ್ಕೂವರೆ ಗಂಟೆ.

ಅರಸೀಕೆರೆ_ಹುಡುಗ
ಆನ್ ಟೈಮ್, ಇನ್ ಟೈಮ್ ಏನ್ ವ್ಯತ್ಯಾಸ?

ಸಕಲೇಶಪುರ_ರೈಲು
ಬಸ್ಸು ಏಳಕ್ಕೆ ಅಂದು ಏಳಕ್ಕೇ ಬಂದ್ರೆ ಆನ್ ಟೈಮ್. ನೀವು ಏಳಕ್ಕೆ ಐದು ನಿಮಿಷ ಇರೋವಾಗ ಓಡಿ ಬಂದು ಬಸ್ಸು ಹಿಡಿದ್ರೆ ಇನ್ ಟೈಮ್.

ಬೇಲೂರು_ಮೇಷ್ಟ್ರು
ಉದಾಹರಣೆ ಬಹಳ ಚೆನ್ನಾಗಿದೆ. ‘ಇಲೆವೆನ್ತ್ ಅವರ್’ ಅನ್ನೋ ಮಾತೂ ಕೆಲಸಗಾರರ ಕಥೆಯಿಂದ ಬಂದದ್ದು. ಬೈಬಲ್‌ನ ಮತ್ತಾಯನ ಸುವಾರ್ತೆಯಲ್ಲಿ ದ್ರಾಕ್ಷಿ ತೋಟದ ಯಜಮಾನ ಬೆಳಗ್ಗೆಯಿಂದ ಕೂಲಿಯವರನ್ನ ಕರೀತಾನೆ, ಕೊನೆಗೆ ಹನ್ನೊಂದನೇ ತಾಸಿನಲ್ಲೂ ಕರೀತಾನೆ, ಎಲ್ಲರಿಗೂ ಒಂದೇ ಕೂಲಿ ಕೊಡ್ತಾನೆ. ಸೂರ್ಯ ಹುಟ್ಟಿದಾಗಿಂದ ಎಣಿಸಿದ್ರೆ ಅದು ಸಂಜೆ ಐದರ ಹೊತ್ತು. ಅದಕ್ಕೇ ಕೊನೇ ಗಳಿಗೆ ಅಂತ ಅರ್ಥ. ಗಡಿಯಾರದ ಹನ್ನೊಂದು ಗಂಟೆಗೂ ಇದಕ್ಕೂ ಸಂಬಂಧ ಇಲ್ಲ.

ಮೂಡಿಗೆರೆ_ತೋಟ
ಸಂಜೆ ಐದಕ್ಕೆ ಬಂದವರಿಗೂ ಪೂರ್ತಿ ಕೂಲಿಯಾ? ಬೆಳಗ್ಗೆ ಎಂಟಕ್ಕೆ ಬಂದವರು ಸುಮ್ನೆ ಬಿಟ್ರಾ?

ಬೇಲೂರು_ಮೇಷ್ಟ್ರು
ಬಿಡಲಿಲ್ಲ, ಗೊಣಗ್ತಾರೆ. ಕಥೆ ಇರೋದೇ ಅದರ ಮೇಲೆ, ಓದಿ ನೋಡಿ.

ಶೈಲಾ_ಹಾಸನ
ಎಲ್ಲರಿಗೂ ಮನಸಾರೆ ಧನ್ಯವಾದ, ಎರಡು ಸಲ ಕೂತು ಓದಿದೆ, ನೋಟ್‌ಬುಕ್ಕಲ್ಲಿ ಬರ್ಕೊಂಡಿದೀನಿ. ಮುಂದಿನ ಲೋಡ್‌ಗೆ ಹೀಗೆ ಬರೆದಿದೀನಿ, ಸಾಹೇಬ್ರಿಗೆ ತೋರ್ಸೋ ಮುಂಚೆ ನೀವು ನೋಡಿ. ‘ವಿ ವಿಲ್ ಫಿನಿಶ್ ಲೋಡಿಂಗ್ ಬೈ 6 ಪಿಎಂ ಇಂಡಿಯನ್ ಟೈಮ್ ಆನ್ 12 ಡಿಸೆಂಬರ್. ಪ್ಲೀಸ್ ಸೆಂಡ್ ಎನಿ ಚೇಂಜಸ್ ಬಿಫೋರ್ 10 ಡಿಸೆಂಬರ್.’ 10ನೇ ತಾರೀಖು ಪೂರ್ತಿ ಅವರಿಗೆ ಟೈಮ್ ಕೊಡಬೇಕು ಅಂತ ನನ್ನ ಉದ್ದೇಶ.

ಬೇಲೂರು_ಮೇಷ್ಟ್ರು
ಮೊದಲ ವಾಕ್ಯ ಅಚ್ಚುಕಟ್ಟಾಗಿದೆಯಮ್ಮ. ಎರಡನೆಯದರಲ್ಲಿ ‘ಬಿಫೋರ್ 10’ ಅಂದ್ರೆ 9ಕ್ಕೇ ಮುಗೀತು ಅಂತ ಓದಿಕೊಳ್ತಾರೆ. 10 ಕೂಡ ಸೇರಬೇಕು ಅಂದ್ರೆ ‘ಆನ್ ಆರ್ ಬಿಫೋರ್ 10 ಡಿಸೆಂಬರ್’.

ಕಡೂರಿನವಳು
‘ಬೈ ದಿ ಎಂಡ್ ಆಫ್ 10 ಡಿಸೆಂಬರ್’ ಅಂದ್ರೂ ಆಗುತ್ತೆ ಅಲ್ವಾ ಸರ್?

ಬೇಲೂರು_ಮೇಷ್ಟ್ರು
ಆಗುತ್ತೆ, ಆದ್ರೆ ಅಲ್ಲೂ ಇಂಡಿಯನ್ ಟೈಮ್ ಅಂತ ಸೇರಿಸ್ಬೇಕು.

ಶೈಲಾ_ಹಾಸನ
ಆನ್ ಆರ್ ಬಿಫೋರ್ ಹಾಕಿ ತಿದ್ದಿದೆ. ಸಾಹೇಬ್ರು ಓದಿ, ಏನೂ ಬದಲಾಯಿಸದೆ ‘ಕಳ್ಸಮ್ಮ’ ಅಂದ್ರು. ರಾತ್ರಿ ಹನ್ನೊಂದಕ್ಕೆ ಉತ್ತರ ಬಂತು, ‘ಕ್ಲಿಯರ್, ಥ್ಯಾಂಕ್ ಯೂ, 320 ಬ್ಯಾಗ್ಸ್ ದಿಸ್ ಟೈಮ್’ ಅಂತ. ಲೋಡಿಂಗ್ ಹುಡುಗರಿಗೆ 12ಕ್ಕೆ ಬೆಳಗ್ಗೆ ಏಳರೊಳಗೆ ಬನ್ನಿ ಅಂತ ಈಗ್ಲೇ ಹೇಳಿಟ್ಟಿದೀನಿ.